ಮೊಬೈಲಿಗೆ ಕೆಲಸ ಕೊಡಿ, ಕೆಲಸ ಇಲ್ಲದಾಗ ಬ್ಯಾಗಿಗೆ ಹಾಕಿಸಿ

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಅಧ್ಯಾಪಕಿ. ಒಂದೊಂದು ತರಗತಿಯಲ್ಲೂ ಅರವತ್ತರ ಮೇಲೆ ವಿದ್ಯಾರ್ಥಿಗಳಿದ್ದಾರೆ. ಹೆಚ್ಚುಕಡಿಮೆ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಪಾಠಕ್ಕೆ ಮೊಬೈಲ್ ಬಳಸಿ ಎಂದು ಆಡಳಿತದವರು ಹೇಳುತ್ತಿದ್ದಾರೆ. ಬಾಗಿಲಲ್ಲೇ ಫೋನ್ ತೆಗೆದಿಟ್ಟುಕೊಳ್ಳಬೇಕು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಕೆಲವರ ಫೋನ್ ತುಂಬಾ ಹಳೆಯದು. ಇಬ್ಬರು ಮೂವರ ಬಳಿ ಫೋನೇ ಇಲ್ಲ. ನಾನು ಯಾವ ದಾರಿ ಹಿಡಿಯಲಿ? ಎಲ್ಲಿಂದ ಶುರು ಮಾಡಲಿ?

ಉತ್ತರ: ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿದೆ. ಆದರೆ ಇಬ್ಬರೂ ಕೇಳುತ್ತಿರುವ ಪ್ರಶ್ನೆ ಸರಿಯಿಲ್ಲ ಎಂದು ನನಗೆ ಅನ್ನಿಸುತ್ತದೆ. ತರಗತಿಯಲ್ಲಿ ಮೊಬೈಲ್ ಬೇಕೋ ಬೇಡವೋ ಎನ್ನುವುದಕ್ಕಿಂತ, ಈ ಹತ್ತು ನಿಮಿಷ ಅದಕ್ಕೆ ಏನು ಕೆಲಸ ಎಂದು ಕೇಳಿ. ಕೆಲಸ ಇದ್ದರೆ ಹೊರಗೆ ಬರಲಿ. ಕೆಲಸ ಮುಗಿದ ಕೂಡಲೇ ಬ್ಯಾಗಿಗೆ ಹೋಗಲಿ. ಸುಮ್ನೆ ಮೇಜಿನ ಮೇಲೆ ಬಿದ್ದಿರುವ ಫೋನೇ ತೊಂದರೆ ಕೊಡುವುದು.

ಇದಕ್ಕೆ ಆಧಾರವಾಗಿ ಎರಡು ಅಧ್ಯಯನಗಳನ್ನು ಹೇಳುತ್ತೇನೆ. ಎರಡೂ ಅಮೆರಿಕದಲ್ಲಿ ನಡೆದವು, ಎರಡರಲ್ಲೂ ಜೆಫ್ರಿ ಕುಜ್ನೆಕಾಫ್ ಮತ್ತು ಸ್ಕಾಟ್ ಟಿಟ್ಸ್‌ವರ್ತ್ ಇದ್ದರು. 2013ರ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಾಠದ ವಿಡಿಯೋ ತೋರಿಸಿ ನೋಟ್ಸ್ ಬರೆಯಲು ಹೇಳಿದರು. ಮೊಬೈಲ್ ಮುಟ್ಟದವರ ನೋಟ್ಸ್‌ನಲ್ಲಿ ಮೊಬೈಲ್ ಬಳಸಿದವರಿಗಿಂತ ಶೇಕಡ 62ರಷ್ಟು ಜಾಸ್ತಿ ಮಾಹಿತಿ ಇತ್ತು. ನಿಮ್ಮ ಸಹೋದ್ಯೋಗಿಗಳು ಹೇಳುವುದು ಇದನ್ನೇ. ಆದರೆ 2015ರಲ್ಲಿ ಅವರು ಇನ್ನೊಂದು ಪ್ರಶ್ನೆ ಸೇರಿಸಿದರು. ಬರುವ ಹೋಗುವ ಸಂದೇಶಗಳು ಪಾಠದ ಬಗ್ಗೆಯೇ ಇದ್ದರೆ ಏನಾಗುತ್ತದೆ? ಪಾಠಕ್ಕೆ ಸಂಬಂಧವಿಲ್ಲದ ಸಂದೇಶಗಳು ಕಲಿಕೆಯನ್ನು ಕೆಡಿಸಿದವು. ಪಾಠದ ಬಗೆಗಿನ ಸಂದೇಶಗಳಿಂದ ಅಂಥ ಹಾನಿ ಕಾಣಲಿಲ್ಲ. ಫೋನ್ ಅದೇ, ಬೆರಳೂ ಅದೇ. ಅದರಲ್ಲಿ ಮಾಡಿದ ಕೆಲಸ ಮಾತ್ರ ಬೇರೆ.

"ಫೋನ್ ನೋಡಿದರೆ ಅವನಿಗೇ ನಷ್ಟ, ವಯಸ್ಸಿಗೆ ಬಂದವರು, ನಾನ್ಯಾಕೆ ತಡೆಯಲಿ" ಎಂದು ಕೆಲವು ಅಧ್ಯಾಪಕರು ಹೇಳುತ್ತಾರೆ. ಇದು ಉದಾರ ಮಾತಿನಂತೆ ಕೇಳಿಸುತ್ತದೆ, ಆದರೆ ಪೂರ್ತಿ ನಿಜವಲ್ಲ. ಕೆನಡಾದಲ್ಲಿ ಫಾರಿಯಾ ಸನಾ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸವನ್ನೂ ಮಾಡಿದವರ ಅಂಕ ಶೇಕಡ 11ರಷ್ಟು ಕಡಿಮೆ ಬಂತು. ಅಂಥವರ ಪರದೆ ಕಣ್ಣಿಗೆ ಬೀಳುವ ಹಾಗೆ ಕೂತಿದ್ದವರ ಅಂಕ ಶೇಕಡ 17ರಷ್ಟು ಕಡಿಮೆಯಾಯಿತು. ಅವರು ಏನೂ ತಪ್ಪು ಮಾಡಿರಲಿಲ್ಲ, ಪೆನ್ನು ಹಿಡಿದು ಬರೆಯುತ್ತಿದ್ದರು ಅಷ್ಟೇ. ಫೋನಿನ ಪರದೆ ಚಿಕ್ಕದು, ಪಕ್ಕದವರಿಗೆ ಅಷ್ಟು ತೊಂದರೆ ಆಗಲಿಕ್ಕಿಲ್ಲ. ಆದರೂ ಮುಂದಿನ ಬೆಂಚಿನಲ್ಲಿ ಯಾರೋ ರೀಲ್ಸ್ ನೋಡುತ್ತಿದ್ದರೆ ಹಿಂದಿನವರ ಕಣ್ಣು ಅತ್ತ ಹೋಗದೆ ಇರುತ್ತದಾ? ಹಾಗಾಗಿ ನಿಯಮ ಬೇಕು. ಶಿಸ್ತಿನ ಹೆಸರಲ್ಲಿ ಅಲ್ಲ, ಪಕ್ಕದಲ್ಲಿ ಕೂತವರ ಸಲುವಾಗಿ. ವಿದ್ಯಾರ್ಥಿಗಳಿಗೂ ಇದೇ ಕಾರಣ ಹೇಳಿ. ಒಪ್ಪಿಕೊಳ್ಳುತ್ತಾರೆ.

ಹಾಗಂತ ಬಾಗಿಲಲ್ಲೇ ಫೋನ್ ವಸೂಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅರವತ್ತು ಫೋನ್‌ಗಳ ಜವಾಬ್ದಾರಿ ನಿಮ್ಮ ತಲೆ ಮೇಲೆ ಬರುತ್ತದೆ. ಒಂದರ ಗಾಜು ಒಡೆದರೂ ಉತ್ತರ ಕೊಡಬೇಕಾದವರು ನೀವೇ. ಜೊತೆಗೆ ಫೋನ್ ನಿಜವಾಗಿ ಕೆಲಸಕ್ಕೆ ಬರುವ ಹೊತ್ತಿನಲ್ಲಿ ಅದು ಕೈಯಲ್ಲೇ ಇರುವುದಿಲ್ಲ.

ಯಾವ ಹೊತ್ತು ಅದು? ನೀವು ಯಾವ ವಿಷಯ ಕಲಿಸುತ್ತೀರಿ ಎಂದು ಬರೆದಿಲ್ಲ. ಹಾಗಾಗಿ ಬೇರೆಬೇರೆ ವಿಷಯಗಳಿಂದ ಉದಾಹರಣೆ ಕೊಡುತ್ತೇನೆ.

ಎಲ್ಲಕ್ಕಿಂತ ಮೊದಲು ನಾನು ಹೇಳುವುದು ಪ್ರಶ್ನೆ ಕೇಳಿ ಮತ ಹಾಕಿಸುವ ಕ್ರಮ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ 1991ರಲ್ಲಿ ಇದನ್ನು ತಮ್ಮ ತರಗತಿಯಲ್ಲಿ ಶುರು ಮಾಡಿದರು. ಆಗ ಸ್ಮಾರ್ಟ್‌ಫೋನ್ ಇರಲಿಲ್ಲ. ಇಂದು ಅದೇ ಕೆಲಸವನ್ನು ಫೋನ್ ಸಲೀಸಾಗಿ ಮಾಡಿಕೊಡುತ್ತದೆ. ಕ್ರಮ ಹೀಗಿದೆ. ಹದಿನೈದು ನಿಮಿಷ ಪಾಠ ಮಾಡಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ, ಮೂರೋ ನಾಲ್ಕೋ ಆಯ್ಕೆ ಕೊಡಿ. ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಲಿ. ಎಲ್ಲರೂ ಫೋನಿನಲ್ಲಿ ಮತ ಹಾಕಲಿ. ಲೆಕ್ಕ ನಿಮಗೆ ಮಾತ್ರ ಕಾಣಲಿ, ಇನ್ನೂ ತೋರಿಸಬೇಡಿ. ನೂರಕ್ಕೆ 30ರಿಂದ 70 ಜನ ಸರಿ ಹೇಳಿದ್ದರೆ ಒಳ್ಳೆಯ ಪ್ರಶ್ನೆ ಸಿಕ್ಕಿತು ಎಂದು ತಿಳಿಯಿರಿ. ಈಗ ಪಕ್ಕದವರ ಜೊತೆ ಎರಡು ಮೂರು ನಿಮಿಷ ವಾದ ಮಾಡಲಿ, ಮತ್ತೆ ಮತ ಹಾಕಲಿ. 30ಕ್ಕಿಂತ ಕಡಿಮೆ ಇದ್ದರೆ ಆ ಭಾಗ ಮತ್ತೆ ಕಲಿಸಬೇಕು. 70ಕ್ಕಿಂತ ಜಾಸ್ತಿ ಇದ್ದರೆ ಚಿಕ್ಕದಾಗಿ ವಿವರಿಸಿ ಮುಂದೆ ಹೋಗಿ.

ಪ್ರಶ್ನೆ ಹೇಗಿರಬೇಕು ಎನ್ನುವುದರ ಮೇಲೆ ಎಲ್ಲ ನಿಂತಿದೆ. "ಈ ಸೂತ್ರ ಕಂಡುಹಿಡಿದವರು ಯಾರು" ಎಂದು ಕೇಳಿದರೆ ವಾದ ಹುಟ್ಟುವುದಿಲ್ಲ. "ನಾಣ್ಯವನ್ನು ಮೇಲಕ್ಕೆ ಎಸೆದಿದ್ದೇವೆ. ತುತ್ತತುದಿಯಲ್ಲಿ ಅದರ ವೇಗೋತ್ಕರ್ಷ ಎಷ್ಟು?" ಎಂದು ಕೇಳಿ ನೋಡಿ. ತುಂಬಾ ಜನ ಸೊನ್ನೆ ಎನ್ನುತ್ತಾರೆ. ಅಲ್ಲಿ ಸೊನ್ನೆಯಾಗುವುದು ವೇಗ. ವೇಗೋತ್ಕರ್ಷ ಆಗಲೂ ಕೆಳಮುಖವಾಗಿ ಸೆಕೆಂಡಿನ ವರ್ಗಕ್ಕೆ 9.8 ಮೀಟರ್ ಇದ್ದೇ ಇರುತ್ತದೆ. ಇಲ್ಲಿ ಪಕ್ಕದವರು ಜಗಳವಾಡಿದಷ್ಟೂ ಪಾಠ ಆಗುತ್ತದೆ. ಇತಿಹಾಸದ ತರಗತಿಯಾದರೆ ಒಂದೇ ಘಟನೆಯ ಎರಡು ಹೇಳಿಕೆ ಕೊಟ್ಟು ಯಾವುದನ್ನು ಜಾಸ್ತಿ ನಂಬಬಹುದು ಎಂದು ಕೇಳಿ. ಸಾಹಿತ್ಯವಾದರೆ ಪದ್ಯ ಯಾವ ಸಾಲಿನಲ್ಲಿ ತಿರುಗುತ್ತದೆ ಎಂದು ಕೇಳಿ. ಅಲ್ಲಿ ಒಂದೇ ಸರಿ ಉತ್ತರ ಇರಬೇಕಾಗಿಲ್ಲ, ತಾನು ಆರಿಸಿದ್ದಕ್ಕೆ ಕಾರಣ ಕೊಡಬೇಕು ಅಷ್ಟೇ. ಒಂದು ತರಗತಿಗೆ ಇಂಥ ಒಂದು ಪ್ರಶ್ನೆ ಸಿಕ್ಕರೂ ಸಾಕು. ಅದನ್ನು ಹುಡುಕುವುದಕ್ಕೆ ಸ್ಲೈಡ್ ತಯಾರಿಸುವುದಕ್ಕಿಂತ ಜಾಸ್ತಿ ಹೊತ್ತು ಕೊಡಿ.

ಇದರಲ್ಲಿ ಇನ್ನೊಂದು ಲಾಭವಿದೆ. ನೆನಪಿನಿಂದ ಉತ್ತರ ಹೊರತೆಗೆಯುವುದೇ ಕಲಿಕೆಯನ್ನು ಗಟ್ಟಿ ಮಾಡುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದಾಗ ಅದು ತಲೆಕೆಳಗಾಗಿತ್ತು. ಎರಡು ಸಲ ಓದಿದವರಿಗೆ ಶೇಕಡ 42ರಷ್ಟು ನೆನಪಿತ್ತು, ಬರೆದು ನೋಡಿದವರಿಗೆ ಶೇಕಡ 56ರಷ್ಟು. ಹೋದ ವಾರದ ಪಾಠದಿಂದ ಎರಡು ಪ್ರಶ್ನೆಯನ್ನು ಇಂದಿನ ತರಗತಿಯ ಶುರುವಿನಲ್ಲಿ ಫೋನಿಗೆ ಹಾಕಿದರೆ ಈ ಲಾಭ ಪುಕ್ಕಟೆ ಸಿಗುತ್ತದೆ. ಆದರೆ ದಯವಿಟ್ಟು ಇದಕ್ಕೆ ಅಂಕ ಇಡಬೇಡಿ. ಅಂಕ ಬಂದ ಕೂಡಲೇ ನಕಲು ಬರುತ್ತದೆ. ಪ್ರಶ್ನೆಯ ಫೋಟೋ ತೆಗೆದು ಎಐ ಆ್ಯಪ್‌ಗೆ ಕೊಟ್ಟರೆ ಕ್ಷಣದಲ್ಲಿ ಉತ್ತರ ಬರುವ ಕಾಲ ಇದು. ಕಳೆದುಕೊಳ್ಳುವುದು ಏನೂ ಇಲ್ಲದಿದ್ದಾಗ ವಿದ್ಯಾರ್ಥಿ ತನಗೆ ನಿಜವಾಗಿ ಅನ್ನಿಸಿದ್ದನ್ನೇ ಹೇಳುತ್ತಾನೆ. ನಿಮಗೆ ಬೇಕಾಗಿರುವುದೂ ಅದೇ.

ಫೋನ್ ಇಲ್ಲದ ಇಬ್ಬರು ಮೂವರ ಚಿಂತೆಗೂ ಇಲ್ಲೇ ಪರಿಹಾರವಿದೆ. ಮೂವರಿಗೆ ಒಂದು ಫೋನ್ ಸಾಕು ಎಂದು ಎಲ್ಲರಿಗೂ ಹೇಳಿ. ಎಲ್ಲರಿಗೂ ಅದೇ ನಿಯಮ. ಆಗ ಯಾರ ಬಳಿ ಫೋನ್ ಇಲ್ಲ ಎನ್ನುವುದು ಹೊರಗೆ ಕಾಣುವುದೇ ಇಲ್ಲ. ಮೊದಲ ಮತವನ್ನು ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ, ಕೈ ಎತ್ತಿ ಲೆಕ್ಕ ತೆಗೆದುಕೊಳ್ಳಿ. ಮಾತಾಡಿದ ಮೇಲೆ ಗುಂಪಿನ ಉತ್ತರ ಫೋನಿನಿಂದ ಬರಲಿ. ನನಗೆ ಈ ಕ್ರಮ ಇನ್ನೊಂದು ಕಾರಣಕ್ಕೂ ಇಷ್ಟ. ಮೂವರು ಬಗ್ಗಿ ನೋಡುತ್ತಿರುವ ಫೋನಿನಲ್ಲಿ ಯಾರೂ ಖಾಸಗಿ ಚಾಟ್ ತೆರೆಯುವುದಿಲ್ಲ, ಅಲ್ವಾ? ಫೋನೇ ಬೇಡ ಎನ್ನಿಸಿದ ದಿನ ಪ್ಲಿಕರ್ಸ್ ಎಂಬ ಆ್ಯಪ್ ಇದೆ. ವಿದ್ಯಾರ್ಥಿಗಳ ಕೈಯಲ್ಲಿ ಮುದ್ರಿಸಿದ ಕಾರ್ಡ್ ಇರುತ್ತದೆ. ಯಾವ ಬದಿ ಮೇಲಿದೆ ಎನ್ನುವುದೇ ಅವರ ಉತ್ತರ. ನಿಮ್ಮ ಒಂದು ಫೋನಿನ ಕ್ಯಾಮೆರಾ ಇಡೀ ತರಗತಿಯ ಕಾರ್ಡ್‌ಗಳನ್ನು ಓದುತ್ತದೆ.

ಎರಡನೆಯ ಕೆಲಸ ಅಳತೆ ಮತ್ತು ದಾಖಲೆ. ಪ್ರತಿ ಫೋನಿನೊಳಗೂ ಪುಟ್ಟ ಪ್ರಯೋಗಾಲಯವಿದೆ, ನಾವು ಅದನ್ನು ಬಳಸುವುದೇ ಇಲ್ಲ. ಇದು ನನಗೆ ನಿಜವಾಗಿ ಬೇಸರದ ಸಂಗತಿ. ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ 2016ರಿಂದ ಇದೆ. ಅದು ಫೋನಿನ ಸೆನ್ಸರ್‌ಗಳನ್ನೇ ಭೌತಶಾಸ್ತ್ರದ ಉಪಕರಣ ಮಾಡುತ್ತದೆ. ಶಬ್ದದ ವೇಗ ಅಳೆಯುವ ಪ್ರಯೋಗ ನೋಡಿ. ಎರಡು ಫೋನ್‌ಗಳನ್ನು 5 ಮೀಟರ್ ದೂರದಲ್ಲಿ ಇಡಿ. ಎರಡರಲ್ಲೂ ಸದ್ದಿಗೆ ಶುರುವಾಗಿ ಸದ್ದಿಗೆ ನಿಲ್ಲುವ ಸ್ಟಾಪ್‌ವಾಚ್ ತೆರೆದಿರಲಿ. ಮೊದಲ ಫೋನಿನ ಪಕ್ಕ ನಿಂತವರು ಚಪ್ಪಾಳೆ ತಟ್ಟಲಿ. ಸ್ವಲ್ಪ ತಡೆದು ಎರಡನೆಯ ಫೋನಿನ ಪಕ್ಕದವರು ತಟ್ಟಲಿ. ಶಬ್ದ ಹೋಗಲು ಒಮ್ಮೆ, ಬರಲು ಒಮ್ಮೆ ಸಮಯ ಹಿಡಿಯುವುದರಿಂದ ಎರಡು ಫೋನ್‌ಗಳ ಸಮಯದಲ್ಲಿ ಸುಮಾರು 29 ಮಿಲಿಸೆಕೆಂಡ್ ವ್ಯತ್ಯಾಸ ಬರುತ್ತದೆ. 10 ಮೀಟರನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 340 ಮೀಟರಿನ ಆಸುಪಾಸು ಸಿಗುತ್ತದೆ. ಪುಸ್ತಕದಲ್ಲಿ ಓದಿದ ಸಂಖ್ಯೆ ತಮ್ಮದೇ ಫೋನಿನಲ್ಲಿ ಮೂಡಿದಾಗ ಆ ಮಕ್ಕಳ ಮುಖ ನೋಡಬೇಕು.

ಸಸ್ಯಶಾಸ್ತ್ರದವರಿಗೆ ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್ ಇವೆ. ಫೋಟೋ ಕೊಟ್ಟರೆ ಗಿಡದ ಹೆಸರು ಸೂಚಿಸುತ್ತವೆ. ಅದು ಸೂಚನೆ ಮಾತ್ರ. ಎಲೆಯ ಜೋಡಣೆ, ಹೂವಿನ ಭಾಗಗಳನ್ನು ನೋಡಿ ಆ ಹೆಸರು ಸರಿಯೋ ತಪ್ಪೋ ಎಂದು ವಿದ್ಯಾರ್ಥಿ ಸಾಬೀತು ಮಾಡಬೇಕು. ಪಾಠ ಇರುವುದು ಅಲ್ಲಿ. ಸಮಾಜಶಾಸ್ತ್ರ, ಅರ್ಥಶಾಸ್ತ್ರದವರು ಕ್ಷೇತ್ರಕಾರ್ಯಕ್ಕೆ ಓಡಿಕೆ (ODK) ಎಂಬ ಸಮೀಕ್ಷೆಯ ಆ್ಯಪ್ ಬಳಸಬಹುದು. ಇಂಟರ್ನೆಟ್ ಇಲ್ಲದ ಕಡೆಯೂ ಪ್ರಶ್ನಾವಳಿ ತುಂಬಿಸಿಕೊಳ್ಳಬಹುದು, ನೆಟ್‌ವರ್ಕ್ ಸಿಕ್ಕಾಗ ಕಳಿಸಬಹುದು. ಭಾಷೆ ಕಲಿಸುವವರಿಗೆ ವಾಯ್ಸ್ ರೆಕಾರ್ಡರ್ ಒಂದಿದ್ದರೆ ಸಾಕು. ಬೇರೆಯವರ ದನಿ, ಮುಖ ದಾಖಲಿಸುವ ಮೊದಲು ಅವರ ಒಪ್ಪಿಗೆ ಕೇಳುವುದನ್ನೂ ಇದರ ಜೊತೆಗೇ ಕಲಿಸಬೇಕು.

ಇನ್ನು ಫೋನಿಗೆ ಒಗ್ಗದ ಕೆಲಸ. ಉದ್ದದ ಓದು, ಉದ್ದದ ಬರಹ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ 2018ರಲ್ಲಿ ಬಂತು. ಅದರಲ್ಲಿ 1,70,000ಕ್ಕೂ ಹೆಚ್ಚು ಓದುಗರ ಲೆಕ್ಕವಿತ್ತು. ಪರದೆಗಿಂತ ಕಾಗದದ ಮೇಲೆ ಓದಿದವರಿಗೆ ಅರ್ಥ ಚೆನ್ನಾಗಿ ಆಗಿತ್ತು. ಕತೆಗಿಂತ ಮಾಹಿತಿ ತುಂಬಿದ ಬರಹದಲ್ಲಿ, ಅದೂ ಸಮಯದ ಒತ್ತಡ ಇದ್ದಾಗ ಈ ವ್ಯತ್ಯಾಸ ಕಂಡಿತು. ನಮ್ಮ ಪಠ್ಯಗಳೆಲ್ಲ ಈ ಜಾತಿಯವೇ. ಆದ್ದರಿಂದ ನಲವತ್ತು ಪುಟದ ಸ್ಕ್ಯಾನ್ ಮಾಡಿದ ಪಿಡಿಎಫ್ ಕಳಿಸಿ "ಓದಿಕೊಂಡು ಬನ್ನಿ" ಎಂದರೆ ಓದಿಕೊಂಡು ಬರುವುದಿಲ್ಲ. ಅವರ ತಪ್ಪೂ ಅಲ್ಲ. ಆರು ಇಂಚಿನ ಪರದೆಯಲ್ಲಿ ಒಂದೊಂದು ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯುತ್ತಾ ಎಷ್ಟು ಹೊತ್ತು ಓದಲಿಕ್ಕಾಗುತ್ತದೆ? ಮುಖ್ಯವಾದ ನಾಲ್ಕು ಪುಟ ಮುದ್ರಿಸಿ ಕೊಡಿ. ಉಳಿದದ್ದನ್ನು ಪರದೆಗೆ ತಕ್ಕ ಹಾಗೆ ಸಾಲು ಮುರಿಯುವ ಪಠ್ಯವಾಗಿ ಕೊಡಿ. ಕೈಬರಹವೋ ಟೈಪಿಂಗೋ ಎನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ಕೈಬರಹವೇ ಮೇಲು ಎಂದು 2014ರಲ್ಲಿ ಬಂದ ಹೆಸರಾಂತ ಅಧ್ಯಯನವನ್ನು 2021ರಲ್ಲಿ ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಬೋರ್ಡಿನ ಫೋಟೋ ತೆಗೆಯುವುದಕ್ಕೆ ಮಾತ್ರ ಒಂದು ಮಿತಿ ಹಾಕುತ್ತೇನೆ. ಚಿತ್ರ, ನಕ್ಷೆಗೆ ಸರಿ, ಅದೂ ಪಾಠದ ಕೊನೆಗೆ.

ಹಳೆಯ ಫೋನ್‌ಗಳ ಮಾತಿಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ಇದೇ. ಯೋಜನೆ ಮಾಡುವಾಗ ತರಗತಿಯ ಅತಿ ದುರ್ಬಲ ಫೋನನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಅದರಲ್ಲಿ ನಡೆದರೆ ಎಲ್ಲದರಲ್ಲೂ ನಡೆಯುತ್ತದೆ. ಮೊದಲ ವಾರವೇ ಹೆಸರಿಲ್ಲದ ಚೀಟಿಯಲ್ಲಿ ಕೇಳಿ. ಸ್ವಂತ ಫೋನ್ ಇದೆಯೇ, ಮನೆಯವರ ಜೊತೆ ಹಂಚಿಕೊಳ್ಳುತ್ತೀರಾ, ಡೇಟಾ ತಿಂಗಳ ಕೊನೆಯವರೆಗೂ ಬರುತ್ತದೆಯೇ, ಜಾಗ ಖಾಲಿ ಇದೆಯೇ, ಮಧ್ಯಾಹ್ನದವರೆಗೆ ಚಾರ್ಜ್ ನಿಲ್ಲುತ್ತದೆಯೇ. ಕೈ ಎತ್ತಿಸಿ ಮಾತ್ರ ಕೇಳಬೇಡಿ. ಇಲ್ಲದವರು ಕೈ ಎತ್ತುವುದಿಲ್ಲ, ಆ ಅವಮಾನವನ್ನು ವರ್ಷವಿಡೀ ಮರೆಯುವುದೂ ಇಲ್ಲ.

ಡೇಟಾ ಲೆಕ್ಕ ಸರಳ. ಸೆಕೆಂಡಿಗೆ 1 ಮೆಗಾಬಿಟ್‌ನ ವಿಡಿಯೋ ಪಾಠ ಒಂದು ಗಂಟೆಗೆ 450 ಎಂಬಿ ತಿನ್ನುತ್ತದೆ. ಅದೇ ಪಾಠದ ದನಿಯನ್ನು 32 ಕಿಲೋಬಿಟ್‌ನಲ್ಲಿ ಉಳಿಸಿದರೆ 15 ಎಂಬಿ ಕೂಡ ಆಗುವುದಿಲ್ಲ. ಮಾತು ಸ್ಪಷ್ಟವಾಗಿ ಕೇಳುತ್ತದೆ. ದನಿ ಮತ್ತು ನಾಲ್ಕು ಚಿತ್ರ ಸಾಕಾಗುವ ಕಡೆ ವಿಡಿಯೋ ಕಳಿಸಬೇಡಿ. ಆ್ಯಪ್ ಹಾಕಿಸಿಕೊಳ್ಳಬೇಕಾದ ಸೇವೆಗಿಂತ ಬ್ರೌಸರಿನಲ್ಲೇ ತೆರೆಯುವ ಸೇವೆ ಆರಿಸಿ. ಕಾಲೇಜಿನ ವೈಫೈ ನಂಬಿ ಅರವತ್ತು ಜನರನ್ನು ಒಂದೇ ಕ್ಷಣದಲ್ಲಿ ಲಿಂಕ್ ಒತ್ತಲು ಹೇಳಿದರೆ ಸಿಕ್ಕಿಕೊಳ್ಳುತ್ತದೆ. ಒಂದು ವೈಫೈ ಪೆಟ್ಟಿಗೆಗೆ ಸೇರಿದ ಫೋನ್‌ಗಳೆಲ್ಲ ಅದರ ಸಮಯವನ್ನು ಹಂಚಿಕೊಳ್ಳಬೇಕು. ಒಳಗೆ ಬರುವಾಗಲೇ ಲಿಂಕ್ ತೆರೆದಿಟ್ಟುಕೊಳ್ಳಲು ಹೇಳಿ. ಮೂವರಿಗೊಂದು ಫೋನ್ ನಿಯಮ ಇಲ್ಲೂ ಕೈಹಿಡಿಯುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಆ ಫೋನ್ ಅವರದು. ಅದರೊಳಗೆ ಅವರ ಮನೆಯ ಫೋಟೋ ಇದೆ, ಸ್ನೇಹಿತರ ಮಾತಿದೆ. ಯಾವ ಕಾರಣಕ್ಕೂ ವಿದ್ಯಾರ್ಥಿಯ ಫೋನ್ ಕೈಗೆ ತೆಗೆದುಕೊಂಡು ಒಳಗೆ ನೋಡಬೇಡಿ. ಕಾಂಟ್ಯಾಕ್ಟ್ಸ್, ಲೊಕೇಶನ್ ಕೇಳುವ ಕಲಿಕಾ ಆ್ಯಪ್ ಅನ್ನು ಕಡ್ಡಾಯ ಮಾಡಬೇಡಿ. ತರಗತಿಯ ವಾಟ್ಸಾಪ್ ಗ್ರೂಪ್ ಬಗ್ಗೆಯೂ ಯೋಚಿಸಿ. ಗ್ರೂಪಿಗೆ ಸೇರಿಸಿದ ಕ್ಷಣ ಪ್ರತಿ ವಿದ್ಯಾರ್ಥಿನಿಯ ನಂಬರು ಎಲ್ಲರಿಗೂ ಸಿಗುತ್ತದೆ. ಆಮೇಲೆ ಬರುವ ಬೇಡದ ಮೆಸೇಜುಗಳನ್ನು ಅವಳು ಯಾರಿಗೂ ಹೇಳದೆ ಸಹಿಸಬೇಕಾಗುತ್ತದೆ. ಸೂಚನೆ ಕಳಿಸಲು ಚಾನೆಲ್ ಬಳಸಿ, ಅಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಕಾಲೇಜಿನಲ್ಲಿ ಪಾಠ, ಸೂಚನೆಗಳನ್ನು ಆನ್‌ಲೈನಿನಲ್ಲಿ ಹಾಕುವ ಮೂಡಲ್‌ನಂಥ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿ ಹತ್ತಕ್ಕೆ ಅಸೈನ್‌ಮೆಂಟ್ ಸೂಚನೆ ಕಳಿಸುವ ಅಭ್ಯಾಸ ಬೇಡ. ಪಾಠದ ದನಿ ಅಥವಾ ವಿಡಿಯೋ ರೆಕಾರ್ಡ್ ಮಾಡಬಹುದೇ ಎನ್ನುವುದನ್ನು ಶುರುವಿನಲ್ಲೇ ಮಾತಾಡಿ ತೀರ್ಮಾನಿಸಿಕೊಳ್ಳಿ. ನಿಮಗೂ ಒಪ್ಪಿಗೆ ಕೊಡುವ, ಕೊಡದಿರುವ ಹಕ್ಕಿದೆ.

ಬ್ಯಾಗಿಗೆ ಹಾಕುವ ನಿಯಮಕ್ಕೂ ವಿನಾಯಿತಿ ಇರಲೇಬೇಕು. ಕಣ್ಣು ಕಾಣದ ವಿದ್ಯಾರ್ಥಿಗೆ ಫೋನೇ ಪುಸ್ತಕ. ಪರದೆಯ ಮೇಲಿನ ಪಠ್ಯವನ್ನು ಓದಿ ಹೇಳುವ ವಾಯ್ಸ್‌ಓವರ್ 2009ರಿಂದ ಐಫೋನಿನಲ್ಲಿದೆ, ಆಂಡ್ರಾಯ್ಡಿನಲ್ಲಿ ಟಾಕ್‌ಬ್ಯಾಕ್ ಇದೆ. ಪಠ್ಯವನ್ನು ಬರೀ ಚಿತ್ರವಾಗಿ ಸ್ಕ್ಯಾನ್ ಮಾಡಿದ್ದರೆ ಇವು ನೇರವಾಗಿ ಓದಲಾರವು. ಸ್ಕ್ಯಾನ್ ಪಿಡಿಎಫ್ ಬೇಡ ಎನ್ನಲು ಇದೂ ಒಂದು ದೊಡ್ಡ ಕಾರಣ. ಸಕ್ಕರೆ ಕಾಯಿಲೆ ಇರುವ ಕೆಲವರು ರಕ್ತದ ಸಕ್ಕರೆಯನ್ನು ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಚಿಕ್ಕ ಮಗುವನ್ನು ಮನೆಯಲ್ಲಿ ಬಿಟ್ಟು ಬಂದವರೂ ಇರುತ್ತಾರೆ. "ಫೋನ್ ಹೊರಗೆ ಬೇಕಾದವರು ನನಗೆ ಒಂದು ಮಾತು ಹೇಳಿ, ಕಾರಣ ಯಾರಿಗೂ ತಿಳಿಯುವುದಿಲ್ಲ" ಎಂದು ಮೊದಲ ದಿನವೇ ಹೇಳಿಬಿಡಿ.

ಶುರು ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಒಂದೇ ತರಗತಿ ಆರಿಸಿಕೊಳ್ಳಿ. ಒಂದು ತಿಂಗಳು ಪ್ರತಿ ಪಾಠದಲ್ಲೂ ಒಂದೇ ಪ್ರಶ್ನೆ, ಮೂವರಿಗೊಂದು ಫೋನ್. ಫೋನ್ ಹೊರಗೆ ಬರುವ ಹೊತ್ತು ಯಾವುದು, ಒಳಗೆ ಹೋಗುವ ಹೊತ್ತು ಯಾವುದು ಎಂದು ಬಾಯಿಬಿಟ್ಟು ಹೇಳಿ. ಬೇರೆ ಯಾವ ಆ್ಯಪನ್ನೂ ಮುಟ್ಟಬೇಡಿ. ತಿಂಗಳ ಕೊನೆಗೆ ಚೀಟಿಯಲ್ಲಿ ಅಭಿಪ್ರಾಯ ಕೇಳಿ, ಹಿಂದಿನ ಬೆಂಚಿನವರದ್ದನ್ನು ವಿಶೇಷವಾಗಿ ಗಮನಿಸಿ. ಸಾಧ್ಯವಾದರೆ ಫೋನ್ ಬೇಡ ಎನ್ನುವ ಸಹೋದ್ಯೋಗಿಯೊಬ್ಬರನ್ನು ಒಂದು ದಿನ ತರಗತಿಗೆ ಕರೆದು ಕೂರಿಸಿ. ಆಮೇಲೆ ವಿಭಾಗದವರೆಲ್ಲ ಸೇರಿ ಒಂದೇ ನಿಯಮ ಮಾಡಿಕೊಳ್ಳಬಹುದು. ಒಬ್ಬೊಬ್ಬ ಅಧ್ಯಾಪಕರದ್ದು ಒಂದೊಂದು ನಿಯಮ ಆದರೆ ವಿದ್ಯಾರ್ಥಿಗಳಿಗೆ ಗೊಂದಲ, ನಿಮಗೆ ದಿನವೂ ವಾದ.

ಆಡಳಿತದವರು ಮತ್ತೆ ಕೇಳಿದಾಗ ಈ ತಿಂಗಳ ಮತಗಳ ಲೆಕ್ಕ ತೋರಿಸಿ. ಮಾತಾಡುವ ಮೊದಲು ಎಷ್ಟು ಜನ ಸರಿ, ಆಮೇಲೆ ಎಷ್ಟು ಜನ ಸರಿ ಎನ್ನುವುದು ಅದರಲ್ಲಿರುತ್ತದೆ. ಅದರ ಜೊತೆಗೇ ಎರಡು ಬೇಡಿಕೆ ಇಡಿ. ತರಗತಿಯ ಗೋಡೆಗೆ ಚಾರ್ಜಿಂಗ್ ಪಾಯಿಂಟ್‌ಗಳು. ವಿಭಾಗದಲ್ಲಿ ಇಟ್ಟುಕೊಂಡು ಯಾವ ವಿದ್ಯಾರ್ಥಿಗಾದರೂ ಒಂದು ದಿನದ ಮಟ್ಟಿಗೆ ಕೊಡಬಹುದಾದ ಐದಾರು ಟ್ಯಾಬ್ಲೆಟ್‌ಗಳು, ಗ್ರಂಥಾಲಯದ ಪುಸ್ತಕ ಕೊಡುವ ಹಾಗೆ, ಕಾರಣ ಕೇಳದೆ. ವಿದ್ಯಾರ್ಥಿಗಳ ಸ್ವಂತ ಫೋನ್ ನಂಬಿ ಪಾಠ ಮಾಡಿ ಎಂದು ಹೇಳುವ ಸಂಸ್ಥೆ ಇಷ್ಟನ್ನಾದರೂ ತನ್ನ ಕಡೆಯಿಂದ ಕೊಡಬೇಕು.